ಮುಂದಿನ ಸಾಲಿನ ಬುಜೈರ್

ಮದೀನಾದ ಅಂಚಿನಲ್ಲಿದ್ದ ಆ ಖರ್ಜೂರದ ತೋಟಗಳ ಕೇರಿಯಲ್ಲಿ ಹೊಸ ಧರ್ಮಕ್ಕೆ ಮೊಟ್ಟಮೊದಲು ಸೇರಿದವನು ಮುದುಕ ಬುಜೈರ್. ಯಾರೂ ಕೇಳದಿದ್ದರೂ ಈ ಮಾತನ್ನು ಅವನೇ ಹೇಳುತ್ತಿದ್ದ. ಮಸೀದಿಯಲ್ಲಿ ಗಂಡಸರದು ಎರಡೇ ಸಾಲು. ಮುಂದಿನ ಸಾಲಿನ ಕಂಬದ ಪಕ್ಕದ ಜಾಗ ಅವನಿಗೆ ಖಾಯಂ. ಕಣ್ಣು ಮಂಜಾಗಿದ್ದರಿಂದ ಕಂಬದ ಗಂಟನ್ನು ತಡವಿ ಜಾಗ ಗುರುತಿಸುತ್ತಿದ್ದ.

ಕಟ್ಟಕಡೆಗೆ ಸೇರಿದವನು ಅವನ ಹೆಂಡತಿ ರಬಾಬಳ ತಮ್ಮ ಸುಹೈಮ್. ಹಿಂದೊಮ್ಮೆ, ತೋಟದಲ್ಲಿ ಒಂಟಿಯಾಗಿ ನಮಾಜಿಗೆ ನಿಂತಿದ್ದ ಭಾವನ ಬೆನ್ನಿಗೆ ಒಂಟೆ ಲದ್ದಿ ಎಸೆದು ನಕ್ಕಿದ್ದ ಭೂಪ ಅವನು. ಈಗ ದಿನಾ ತಡವಾಗಿ ಬಂದು ಭಾವನ ಹಿಂದೆಯೇ ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಎಲ್ಲರೂ ಎಂದಿನಂತೆ ಜೆರುಸಲೇಮಿನ ಕಡೆ ಮುಖ ಮಾಡಿ ನಮಾಜಿನಲ್ಲಿದ್ದರು. ಊರಿನಿಂದ ಓಡಿಬಂದವನೊಬ್ಬ ಬಾಗಿಲಲ್ಲೇ ನಿಂತು, ಇನ್ನು ಮೇಲೆ ಮೆಕ್ಕಾದ ಕಡೆ ತಿರುಗಬೇಕೆಂದು ದೇವರ ಅಪ್ಪಣೆಯಾಗಿದೆ ಎಂದ. ಮೆಕ್ಕಾ ಇದ್ದದ್ದು ಸರಿಯಾಗಿ ಬೆನ್ನ ಹಿಂದೆ; ಜನ ನಿಂತಲ್ಲೇ ಹಿಂದಕ್ಕೆ ತಿರುಗಿದರು. ಮುಂದೆ ನಿಂತು ನಡೆಸುವವನೂ ಹಿಂದಿದ್ದ ಹೆಂಗಸರೂ ಕಡೆ ಬದಲಿಸಿಕೊಂಡರು. ನಮಾಜು ಮುಗಿದಾಗ ಬುಜೈರ್ ಕೊನೆಯ ಸಾಲಿನಲ್ಲಿದ್ದ, ಸುಹೈಮ್ ಮೊದಲನೆಯದರಲ್ಲಿ.

ಅಪ್ಪಣೆಯ ಬಗ್ಗೆ ಮುದುಕನಿಗೆ ಎಳ್ಳಷ್ಟೂ ತಕರಾರಿರಲಿಲ್ಲ. ಸಂಕಟವೆಲ್ಲ ಜಾಗದ್ದು. ಆ ಸಂಜೆ ಅವನು ಮಸೀದಿಗೆ ಹೋಗದೆ ಮನೆಯಲ್ಲೇ ನಮಾಜು ಮಾಡಿದ.

"ನಾವು ಹೆಂಗಸ್ರು ಸಾಲಿಗೆ ಸಾಲೇ ಎದ್ದು ಆ ಕಡೆ ಹೋದ್ವಿ. ನಿಮ್ಮ ಹಾಗೆ ಮುಖ ಊದಿಸಿಕೊಂಡು ಕೂರ್ಲಿಲ್ಲ," ಎಂದಳು ರಬಾಬ್, ಬಾರ್ಲಿ ರೊಟ್ಟಿ ಮುಂದಿಡುತ್ತ.

"ಮೊದಲು ಬಂದೋನು ನಾನು ಕಣೇ."

"ದೇವರಿಗೆ ಗೊತ್ತಿಲ್ವಾ? ನೀವು ದಿನಾ ಜ್ಞಾಪಿಸ್ಬೇಕಾ?"

ಮುದುಕ ರೊಟ್ಟಿ ಮುರಿದ.

ಮರುದಿನ ಬೆಳಿಗ್ಗೆ ಸುಹೈಮ್ ಬಾಗಿಲಿಗೆ ಬಂದ. ಅಷ್ಟು ಬೇಗ ಎದ್ದದ್ದನ್ನು ಅವನು ಹುಟ್ಟಿದಾಗಿನಿಂದ ಅಕ್ಕ ಕಂಡಿರಲಿಲ್ಲ.

"ಆಡಿಕೊಳ್ಳೋಕೆ ಬಂದ್ಯಾ, ಮುಂದಿನ ಸಾಲಿನ ದೊರೆ?" ಎಂದ ಬುಜೈರ್.

"ಕರಕೊಂಡು ಹೋಗೋಕೆ ಬಂದೆ, ಭಾವ. ಎದುರಿಗೆ ನೀನಿಲ್ಲದೆ ನಿನ್ನೆ ನನ್ನ ಮನಸ್ಸು ನಿಲ್ಲಲೇ ಇಲ್ಲ."

"ಅದ್ಯಾಕಪ್ಪಾ?"

ಸುಹೈಮ್ ನೆಲ ನೋಡಿದ. "ಅವತ್ತು ಲದ್ದಿ ಎಸೆದಾಗ ನೀನು ತಿರುಗಿ ಕೂಡ ನೋಡ್ಲಿಲ್ಲ. ಆ ಬೆನ್ನು ನೋಡಿಯೇ ನಾನು ಈ ದಾರಿಗೆ ಬಂದದ್ದು. ಬೇಕಂತಲೇ ತಡ ಮಾಡ್ತಿದ್ದೆ. ಬೇಗ ಬಂದ್ರೆ ನಿನ್ನ ಪಕ್ಕದಲ್ಲಿ ನಿಲ್ಲಿಸಿಬಿಡ್ತಾರೆ. ಅಷ್ಟು ಯೋಗ್ಯತೆ ನನಗೆಲ್ಲಿದೆ?"

ಮೊದಲ ವರ್ಷ ಒಂಟಿಯಾಗಿ ನಿಲ್ಲುತ್ತಿದ್ದಾಗ ಬುಜೈರ್ ಬೇಡಿಕೊಳ್ಳುತ್ತಿದ್ದುದು ಒಂದೇ: ಈ ಮೂರ್ಖನೂ ಬಂದು ಪಕ್ಕದಲ್ಲಿ ನಿಲ್ಲಲಿ ಎಂದು. ಬಂದ ಮೇಲೆ ಅವನ ಕಡೆ ನೋಡದೆ, ತಾನು ಜಾಗ ಕಾಯುವುದರಲ್ಲೇ ಮುಳುಗಿಬಿಟ್ಟಿದ್ದನಲ್ಲ. ಅದಕ್ಕೆ ಅವನಿಗೆ ನಾಚಿಕೆಯಾಯಿತು.

ಮಸೀದಿಗೆ ಇನ್ನೂ ಯಾರೂ ಬಂದಿರಲಿಲ್ಲ. ಸುಹೈಮ್ ಭಾವನ ಕೈಯನ್ನು ಈಗಿನ ಮುಂದಿನ ಸಾಲಿನ ಕಂಬಕ್ಕೆ ತಾಗಿಸಿದ. ಬೆರಳಿಗೆ ಸಿಗುವಂತೆ ಅಲ್ಲೊಂದು ಗೀರು. ಚಾಕುವಿನಿಂದ ಆಗಷ್ಟೇ ಕೊರೆದದ್ದು, ಅಂಚು ಇನ್ನೂ ಒರಟಾಗಿತ್ತು.

"ಇದು ನಿನ್ನ ಜಾಗ," ಎಂದು ಹೇಳಿ ಅವನು ಹಿಂದಿನ ಸಾಲಿಗೆ ಸರಿಯಹೊರಟ.

ಮುದುಕ ತಡಕಾಡಿ ಅವನ ತೋಳು ಹಿಡಿದ.

"ಇಲ್ಲೇ ಪಕ್ಕದಲ್ಲಿ ನಿಲ್ಲೋ. ನನ್ನ ಬೆನ್ನು ನೋಡಿದ್ದು ಸಾಕು."