ಇಂಪಾಲಾದ ಡಬ್ ಡಬ್

ಇವತ್ತಿಗೂ ಗೋಕಾಕದ ರಸ್ತೆಯಲ್ಲಿ ಎಲ್ಲಾದರೂ ಡೀಸೆಲ್ ಎಂಜಿನ್ ಡಬ್ ಡಬ್ ಅಂದರೆ ನನ್ನ ರಕ್ತ ಕುದಿಯುತ್ತದೆ. ಮಾತಿಗೆ ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ನನ್ನ ನೆತ್ತಿಯ ಮೇಲೆ ಬೋಗುಣಿ ಇಟ್ಟರೆ ಅನ್ನ ಬೇಯುತ್ತದೆ. ಬೇಕಾದರೆ ನನ್ನ ಗ್ಯಾರೇಜಿನ ಎದುರಿನ ಚಹಾದಂಗಡಿಯ ಪರಪ್ಪನನ್ನು ಕೇಳಿ. ಅವನು ಇಲ್ಲ ಅನ್ನುತ್ತಾನೆ. ನಾನು ಹೇಳಿದ್ದಕ್ಕೆಲ್ಲ ಇಲ್ಲ ಅನ್ನುವುದೇ ಅವನ ಕಸುಬು, ಚಹಾ ಮಾರುವುದು ಬರೀ ನೆಪ.

ನಾನು ಶಿದ್ರಾಮ ಮಿಸ್ತ್ರಿ. ನಾನು ನಟ್ಟು ತಿರುಗಿಸುವ ಪಾನಾ ಹಿಡಿದರೆ ಗೋಕಾಕ ಫಾಲ್ಸ್ ಒಂದು ಗಳಿಗೆ ಬೀಳುವುದನ್ನು ಬಿಟ್ಟು ನಿಂತು ನೋಡುತ್ತದೆ. ಬಾನೆಟ್ಟಿಗೆ ಕಿವಿ ಹಚ್ಚಿದರೆ ಸಾಕು, ಯಾವ ಬೋಲ್ಟು ಸಡಿಲಾಗಿದೆ, ಅದನ್ನು ಸಡಿಲು ಬಿಟ್ಟ ಮಿಸ್ತ್ರಿ ಯಾವ ಊರಿನವನು, ಅವನ ಅಪ್ಪನ ಹೆಸರೇನು, ಎಲ್ಲ ಹೇಳುತ್ತೇನೆ. "ಶಿದ್ರಾಮನ ಬಾಯಿ ಓಡಿದಷ್ಟು ಅಂವ ರಿಪೇರಿ ಮಾಡಿದ ಗಾಡಿ ಓಡಂಗಿಲ್ಲ" ಅಂತ ಊರು ನಗುತ್ತದೆ. ನಗಲಿ. ಆದರೆ ನನ್ನ ಆಯುಷ್ಯದಲ್ಲಿ ಒಂದು ಸಲ, ಒಂದೇ ಸಲ, ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲದ ಮಾತು ಹೇಳಿದ್ದೆ. ಅದನ್ನೇ ಹಿಡಿದು ಸುಳ್ಳು ಮಾಡಿದರು. ಸಿಟ್ಟು ಬರದೆ ಸಂಗೀತ ಬಂದೀತೇ?

ಮಾಡಿದವರು ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಆಬಾಸಾಹೇಬರು. ಅವರ ತಂದೆ ಕೊಲ್ಲಾಪುರದ ಯಾರೋ ಸರದಾರರಿಂದ ಕೊಂಡಿದ್ದ ಇಂಪಾಲಾ ಕಾರು, ಅಮೇರಿಕಾದ್ದು, ಎಂಟು ಸಿಲಿಂಡರಿನದು, ಅವರ ಬೆಲ್ಲದ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ನಾನು ಬಾನೆಟ್ ಎತ್ತಿದಾಗ ಒಳಗೆ ಎಂಜಿನ್ ಕಾಣಲಿಲ್ಲ, ಇರುವೆ ಕಂಡವು. ಅಷ್ಟು ವರ್ಷ ಬೆಲ್ಲ ತಿಂದು ಬೆಳೆದ ಇರುವೆಗಳು, ಒಂದೊಂದೂ ಕರುವಿನಷ್ಟಿದ್ದವು.

"ಮಿಸ್ತ್ರಿ, ಮದಿವಿ ಮೆರವಣಿಗಿಗೆ ಬಂದರ ಸಾಕು, ಅಷ್ಟ ಮಾಡಿಕೊಡು" ಅಂದರು ಆಬಾಸಾಹೇಬರು.

"ಸಾವಕಾರ್ರ, ಹುಲಿ ತಂದು ಕೋಳಿ ಕಾಯಾಕ ಹಚ್ಚತೀರೇನ್ರಿ?" ಅಂದೆ. "ಇದು ಓಡಾಕ ಹುಟ್ಟಿದ ಗಾಡಿ. ಓಡೂವಂಗ ಮಾಡತೇನಿ."

ಅವರು ಹಿಂದೆ ತಿರುಗಿ ನೋಡಿದರು. ಗೋದಾಮಿನ ಬಾಗಿಲಲ್ಲಿ ಅವರ ಹೆಂಡತಿ ಜಿನ್ನವ್ವ ಇರಲಿಲ್ಲ. ದನಿ ಇಳಿಸಿ ಕೇಳಿದರು:

"ಎಷ್ಟ ಓಡೀತು?"

"ಇನ್ನೂರು."

ಮುದುಕರ ಕಣ್ಣು ಅಮೇರಿಕಾದ ಹೆಡ್‌ಲೈಟಿನಂತೆ ಹೊತ್ತಿಕೊಂಡವು. ಅದಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ಸಂಕೇಶ್ವರದ ತಿರುವಿನಲ್ಲಿ ಮೋಟರ್‌ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಜಿನ್ನವ್ವ ಅವರನ್ನು ಜೈನ ಮುನಿ ಮಹಾರಾಜರ ಮುಂದೆ ಕೂರಿಸಿ ನಿಯಮ ಕೊಡಿಸಿದ್ದಳು: ನಲವತ್ತರ ವೇಗ ದಾಟಿ ಗಾಡಿ ಓಡಿಸಬಾರದು. ಅವತ್ತಿನಿಂದ ಹುಕ್ಕೇರಿಯ ಎತ್ತುಗಳೂ ಅವರನ್ನು ದಾಟಿ ಹೋಗುತ್ತಿದ್ದವು.

ಒಂದು ವರ್ಷ ದುಡಿದೆ. ಕೊಲ್ಲಾಪುರದ ಫೌಂಡ್ರಿಯಲ್ಲಿ ಹೊಸ ಪಿಸ್ಟನ್ ಎರಕ ಹೊಯ್ಯಿಸಿದೆ. ಹೆಡ್ ಸವೆಸಿ ಕಂಪ್ರೆಷನ್ ಏರಿಸಿದೆ. ಮುಂಬೈಯ ಗುಜರಿಯಿಂದ ನಾಲ್ಕು ಗಂಟಲಿನ ಕಾರ್ಬೋರೇಟರ್ ತಂದು ಕೂರಿಸಿದೆ. ಅದು ಉಸಿರು ಎಳೆದುಕೊಂಡರೆ ಪರಪ್ಪನ ಅಂಗಡಿಯ ಪರದೆ ನನ್ನ ಗ್ಯಾರೇಜಿನ ಕಡೆ ಬಾಗುತ್ತಿತ್ತು. ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಪೈಪು ಬಗ್ಗಿಸಿ ಹೊಗೆಗೆ ದಾರಿ ಮಾಡಿದೆ. ಲಾರಿಯ ರೇಡಿಯೇಟರ್ ಹಾಕಿದೆ. ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನು ನೆಲಕ್ಕೆ ಇಳಿಸಿದೆ. ತಿರುವಿನಲ್ಲಿ ಅದು ಹಲ್ಲಿಗೆ ಕರದಂಟು ಅಂಟಿದ ಹಾಗೆ ರಸ್ತೆಗೆ ಅಂಟಬೇಕು. ಕಡೆಗೆ ಬ್ರೇಕು. ಹಳೆಯ ಡ್ರಮ್ ಕಿತ್ತೆಸೆದು ನಾಲ್ಕೂ ಗಾಲಿಗೆ ಡಿಸ್ಕ್ ಹಾಕಿದೆ. ಎಲ್ಲಕ್ಕಿಂತ ಹೆಚ್ಚು ಬೆವರು ಸುರಿದದ್ದು ಅಲ್ಲೇ. ನಿಲ್ಲಲು ಬಾರದ ಗಾಡಿಯನ್ನು ಓಡಲು ಬಿಡುವವನು ಮಿಸ್ತ್ರಿ ಅಲ್ಲ, ಯಮನ ಏಜೆಂಟ.

ಎರಡು ಸಾವಿರದ ಮೂರರ ಬೇಸಿಗೆ. ಕಣಗಲಾದ ಹತ್ತಿರ ಹೆದ್ದಾರಿಯನ್ನು ಅಗಲ ಮಾಡಿ ಹೊಸ ಡಾಂಬರು ಹಾಕಿದ್ದರು, ಇನ್ನೂ ಗಾಡಿ ಬಿಟ್ಟಿರಲಿಲ್ಲ. ಬೆಳಗಾಗುತ್ತಲೇ ಇಂಪಾಲಾ ತಂದು ನಿಲ್ಲಿಸಿದೆ. ಆಬಾಸಾಹೇಬರು ಬಿಳಿ ಟೋಪಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು.

"ನಿಯಮ ಏನಾತ್ರಿ ಸಾವಕಾರ್ರ?"

"ಓಡಸಂಗಿಲ್ಲ ಅಂದೇನಿ. ಬಾಜೂಕ ಕೂಡಂಗಿಲ್ಲ ಅಂತ ಎಲ್ಲಿ ಅಂದೇನಿ? ನೀ ಹೊಡಿ."

ಹೊಡೆದೆ. ಮೈಲುಗಲ್ಲುಗಳು ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ಬಂದವು. ಜೊತೆಗೆ ಹಾರುತ್ತಿದ್ದ ಕಾಗೆಯೊಂದು ನಾಚಿಕೊಂಡು ಗಿಡದ ಮೇಲೆ ಕೂತಿತು. ಯಮಕನಮರಡಿ ಮುಟ್ಟಿ ಬ್ರೇಕ್ ಒತ್ತಿದಾಗ ನಮ್ಮ ಎಂಜಿನ್ನಿನ ಸಪ್ಪಳ ಇನ್ನೂ ಹಿಂದಿನಿಂದ ಬರುತ್ತಿತ್ತು; ಅದು ಬಂದು ಮುಟ್ಟುವ ತನಕ ಕಾದೆವು. ನಡುವೆ ಎಲ್ಲೋ ಆಬಾಸಾಹೇಬರ ಟೋಪಿ ಕಿಟಕಿಯಿಂದ ಹಾರಿ ಹೋಗಿತ್ತು. ನಿಪ್ಪಾಣಿಯ ಆಚೆ ಬಿದ್ದಿರಬೇಕು. ಅವರು ಬೋಳುತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಕೆ ಹಾಕಿದ್ದರು. ಆ ಕೇಕೆ ಮಾತ್ರ ನಾನು ಬೆಳೆಸಿ ಹೇಳುತ್ತಿಲ್ಲ. ಮೀಸೆ ಬೆಳ್ಳಗಾದ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

"ಶಿದ್ರಾಮಾ," ಅಂದರು ಉಸಿರು ಬಿಟ್ಟು, "ಯಾರ ಮುಂದೂ ಹೇಳಬ್ಯಾಡ."

"ನನ್ನ ಬಾಯಿ ಅಂದರ ಕಬ್ಬಿಣದ ಪೆಟಗಿ ರೀ" ಅಂದೆ. ಗೋಕಾಕಕ್ಕೆ ಬಂದು ಗೋಕಾಕದವರಿಗೆ ಮಾತ್ರ ಹೇಳಿದೆ.

"ಇನ್ನೂರು?" ಅಂದ ಪರಪ್ಪ, ಕಿಟ್ಲಿ ಕೆಳಗಿಟ್ಟು. "ಸಾಕ್ಷಿ ಯಾರು, ಆ ಕಾಗಿ ಏನು?"

"ಆಬಾಸಾಹೇಬ್ರು ಲೇ! ಬಾಜೂಕ ಕುಂತಿದ್ರು. ನಂಬಿಕಿ ಇಲ್ಲಂದರ ಬಣ್ಣ ಹಚ್ಚಿದ ಮ್ಯಾಲ ಯಮಕನಮರಡಿಗೆ ಬಾ. ಕಣ್ಣಾರೆ ನೋಡು. ನಿನ್ನ ಕಣ್ಣು ಗಾಡಿ ಹಿಂದ ಹತ್ತಿ ಹೋಗದಿದ್ದರ ಕೇಳು."

ಗಾಡಿ ಬಣ್ಣಕ್ಕೆಂದು ಹುಕ್ಕೇರಿಗೆ ಹೋಯಿತು. ಯಮಕನಮರಡಿಯಲ್ಲಿ ಓಡಿಸಿ ತೋರಿಸಲು ಒಂದು ಭಾನುವಾರ ಗೊತ್ತುಮಾಡಿದೆವು. ಪರಪ್ಪ ಅಂಗಡಿಗೆ ಬೀಗ ಹಾಕಿ ಒಂದು ಟೆಂಪೋ ಜನವನ್ನು ತುಂಬಿಕೊಂಡು ಬಂದ; ನನ್ನ ಲೆಕ್ಕದಲ್ಲಿ ಅರ್ಧ ಜಿಲ್ಲೆಯೇ ಬಂದಿತ್ತು. ನಾನು ತೊಳೆದ ಅಂಗಿ ಹಾಕಿ, ರಸ್ತೆಯ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ.

ಗಾಡಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿತ್ತು.

ಡಬ್. ಡಬ್. ಡಬ್. ಡಬ್.

ಯಾವುದೋ ಟ್ರ್ಯಾಕ್ಟರ್ ಅಂದುಕೊಂಡೆ. ಹೊಸ ಕೆಂಪು ಬಣ್ಣದಲ್ಲಿ, ಬಾಲದಿಂದ ಕರೀ ಹೊಗೆ ಉಗುಳುತ್ತ, ಮೈಯೆಲ್ಲ ಚಳಿಜ್ವರ ಬಂದವರಂತೆ ನಡುಗುತ್ತ ಬಂದದ್ದು ನನ್ನ ಇಂಪಾಲಾ. ಹೊರಗೆ ಅಪ್ಸರೆ, ಒಳಗೆ ಕೆಮ್ಮುವ ಮುದುಕ. ಆಬಾಸಾಹೇಬರು ಹೊಸ ಟೋಪಿ ಹಾಕಿಕೊಂಡು ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಜಿನ್ನವ್ವ ನೆಟ್ಟಗೆ ಕೂತಿದ್ದಳು.

"ಏನ ಮಾಡಿದ್ರಿ ಇದಕ್ಕ?" ಅಂದೆ.

"ಡೀಸೆಲ್ ಎಂಜಿನ್ ಕೂಡಸೇವಿ" ಅಂದರು, ನನ್ನ ಮುಖ ನೋಡದೆ. "ಮೂಡಲಗಿ ಮಿಸ್ತ್ರಿ ಯಲ್ಲಾರಿ ಮಾಡಿಕೊಟ್ಟ. ಹಳೇ ಟೆಂಪೋದ್ದು. ಎವರೇಜ್ ಚಲೋ ಬೀಳತೈತಿ, ಲೀಟರಿಗೆ ಹದಿನಾಲ್ಕು."

ಎವರೇಜ್! ಈ ನಾಡಿನಲ್ಲಿ ಸ್ವರ್ಗದಿಂದ ಪುಷ್ಪಕ ವಿಮಾನ ಇಳಿದು ಬಂದರೂ ಜನ ಸುತ್ತ ನಿಂತು ಕೇಳುವ ಮೊದಲ ಪ್ರಶ್ನೆ ಅದೇ. ಆಮೇಲೆ ಯಾರಾದರೂ ಒಬ್ಬ ಯಲ್ಲಾರಿ ಅದರ ಹೊಟ್ಟೆ ಕೊಯ್ದು ನೀರೆತ್ತುವ ಪಂಪಿನಂಥದ್ದೇನನ್ನೋ ತುರುಕುತ್ತಾನೆ. ಬೆಳಗಾವಿ ಜಿಲ್ಲೆಯ ಎಷ್ಟು ಚೆಂದದ ಗಾಡಿಗಳು ಹೀಗೆ ಸತ್ತಿವೆಯೋ! ಕಿಸೆಯಿಂದ ಪಾನಾ ಎಳೆದುಕೊಂಡೆ. ಅಷ್ಟರಲ್ಲಿ ಪರಪ್ಪ ಕಿಟಕಿಯ ಹತ್ತಿರ ಬಗ್ಗಿದ.

"ಸಾವಕಾರ್ರ, ಖರೇ ಹೇಳ್ರಿ. ಮೊದಲಿನ ಎಂಜಿನ್ ಇದ್ದಾಗ ಇದು ಇನ್ನೂರು ಓಡಿತ್ತಂತ. ನೀವ ಬಾಜೂಕ ಕುಂತಿದ್ದಿರಂತ. ಹೌದೇನ್ರಿ?"

ಆಬಾಸಾಹೇಬರ ಕಣ್ಣು ಕನ್ನಡಿಗೆ ಹೋಯಿತು. ಕನ್ನಡಿಯಲ್ಲಿ ಜಿನ್ನವ್ವ ಇದ್ದಳು.

"ಛೆ ಛೆ. ನಾ ಎಲ್ಲಿ ಕುಂತಿದ್ನಿ? ಅಂವಾ ಒಬ್ಬನ ಹೋಗಿದ್ದ. ಏನೋ ಸಾದಾ ಓಡಿರಬೇಕು."

ಜನ ನಕ್ಕ ನಗೆಗೆ ಕಣಗಲಾದ ಹಕ್ಕಿಗಳು ಮಹಾರಾಷ್ಟ್ರಕ್ಕೆ ಹಾರಿದವು. ನನ್ನ ಕೈಯಲ್ಲಿದ್ದ ಪಾನಾವನ್ನು ಆಕಾಶಕ್ಕೆ ಎಸೆದೆ. ಅದು ಇನ್ನೂ ಕೆಳಗೆ ಬಿದ್ದಿಲ್ಲ.

ಅವತ್ತಿನಿಂದ ಗೋಕಾಕದಲ್ಲಿ ನನ್ನ ಹೆಸರು ಹೋಯಿತು. ಶಿದ್ರಾಮ ಅನ್ನುವವರೇ ಇಲ್ಲ. "ಏ ಇನ್ನೂರ, ಚಹಾ ಕುಡಿ ಬಾ." "ಇನ್ನೂರ, ನನ್ನ ಸೈಕಲ್ ಪಂಕ್ಚರ್ ಆಗೈತಿ, ಎಷ್ಟ ಓಡಸತಿ?" ಹಳೆಯ ಗಿರಾಕಿಗಳೂ ಗಾಡಿ ಬಿಟ್ಟು ಹೋಗುವಾಗ ಕಣ್ಣು ಹೊಡೆದು ನಗುತ್ತಿದ್ದರು. ನನ್ನ ನೂರು ಬಡಾಯಿಗೆ ನಕ್ಕಾಗ ನಾನೂ ಜೊತೆಗೆ ನಕ್ಕವನು. ಆದರೆ ಇದು ಬಡಾಯಿ ಅಲ್ಲ! ಒಂದು ವರ್ಷದ ಬೆವರು! ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಅದರಲ್ಲಿ ಒಬ್ಬ ಟೋಪಿ ಬದಲಿಸಿಕೊಂಡು ನಾಲಿಗೆಯನ್ನೂ ಬದಲಿಸಿದ್ದ. ಮಳೆಗಾಲ ಪೂರ್ತಿ ನನ್ನ ಸಿಟ್ಟಿಗೆ ಗ್ಯಾರೇಜಿನ ತಗಡಿನ ಮೇಲೆ ಬಿದ್ದ ಹನಿ ಹನಿಯೂ ಹಬೆಯಾಯಿತು.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿಯಿತು. ಅದು ಮುಗಿದ ಮೇಲೆ ಕ್ಷಮಾವಣಿ. ಆ ದಿನ ಅವರು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಪರಿಚಯದವರನ್ನೆಲ್ಲ ಕಂಡು ಕ್ಷಮೆ ಕೇಳುತ್ತಾರೆ. ಕೇಳಿಸಿಕೊಂಡವರು "ನಂದೂ ಏನರ ತಪ್ಪಿದ್ದರ ಹೊಟ್ಟ್ಯಾಗ ಹಾಕ್ಕೋರಿ" ಅಂದು ಕೈ ಮುಗಿಯಬೇಕು. ಒಳ್ಳೆಯ ಪದ್ಧತಿ. ಯಾರೂ ಇಲ್ಲ ಅಂದದ್ದು ನಾನು ಕೇಳಿಲ್ಲ.

ಡಬ್ ಡಬ್ ಡಬ್ ಅಂತ ಬಂದು ಇಂಪಾಲಾ ನನ್ನ ಗ್ಯಾರೇಜಿನ ಮುಂದೆಯೇ ನಿಂತಿತು. ಗಂಡ ಹೆಂಡತಿ ಇಳಿದರು. ಆಬಾಸಾಹೇಬರು ಕೈ ಜೋಡಿಸಿದರು.

"ಶಿದ್ರಾಮಾ, ಮನಸಾ ವಾಚಾ ಕಾಯಾ, ತಿಳಿದೋ ತಿಳೀದನೋ ನಮ್ಮಿಂದ ಏನರ ತಪ್ಪಾಗಿದ್ದರ ಕ್ಷಮಾ ಮಾಡು."

"ಮಾಡಂಗಿಲ್ಲ" ಅಂದೆ.

ಪರಪ್ಪ ಸೋಸುತ್ತಿದ್ದ ಚಹಾ ಲೋಟದ ಹೊರಗೆ ಬಿತ್ತು.

"ಹಬ್ಬದ ದಿನ ಹಂಗ ಅನಬಾರದೋ" ಅಂದ, ಅಲ್ಲಿಂದಲೇ.

"ನೀ ಸುಮ್ಮನಿರು!" ಅಂದೆ. "ಸಾವಕಾರ್ರ, ನೀವು ಬೆಲ್ಲದ ವ್ಯಾಪಾರಸ್ಥರು. ಒಂದೊಂದು ಪೆಂಟಿ ಒಡದು, ಮೂಸಿ, ನಾಲಿಗಿಗೆ ಹಚ್ಚಿ ನೋಡಿ ತಗೋತೀರಿ. ನನಗ ಮಾತ್ರ ಚೀಲದ ಬಾಯಿ ಬಿಚ್ಚದ ಮಾರತೀರೇನು? ಏನರ ತಪ್ಪಂತ, ತಿಳಿದೋ ತಿಳೀದನೋ ಅಂತ! ನಿಮಗ ತಿಳದೈತಿ. ಠೋಕಿನ್ಯಾಗ, ಸಗಟು ಲೆಕ್ಕದಾಗ ಕ್ಷಮಾ ನನ್ನ ಹಂತೇಲಿ ಸಿಗಂಗಿಲ್ಲ. ಕಿರಕೋಳದಾಗ, ಚಿಲ್ಲರಿ ಲೆಕ್ಕದಾಗ ಕೇಳ್ರಿ. ಒಂದೊಂದ ತಪ್ಪಿನ ಹೆಸರ ಹೇಳಿ ಕೇಳ್ರಿ."

ಆಬಾಸಾಹೇಬರ ಜೋಡಿಸಿದ ಕೈ ಹಾಗೇ ಇತ್ತು. ಹೆಂಡತಿಯ ಕಡೆ ನೋಡಿದರು, ನೆಲ ನೋಡಿದರು. ಹತ್ತು ದಿನ ವ್ರತ ಹಿಡಿದ ಬಾಯಿ. ಅದರಿಂದ ಸುಳ್ಳು ಹೊರಡುವುದು ಕಷ್ಟ.

"ಕುಂತಿದ್ನಿ" ಅಂದರು ಕಡೆಗೆ. "ಕಣಗಲಾದಿಂದ ಯಮಕನಮರಡಿ ತನಕ ಬಾಜೂಕ ನಾನ ಕುಂತಿದ್ನಿ. ಮಂದಿ ಮುಂದ ಇಲ್ಲ ಅಂದೆ. ಆ ಸುಳ್ಳಿಗೆ ಕ್ಷಮಾ ಮಾಡು."

ರಸ್ತೆಯಲ್ಲಿ ಹೋಗುವವರೂ ನಿಂತಿದ್ದರು. ನನ್ನ ಎದೆ ಲಾರಿಯ ಟ್ಯೂಬಿನಂತೆ ಉಬ್ಬಿತು.

"ಎಷ್ಟ ಓಡಿತ್ತು, ಅದನ್ನೂ ಹೇಳ್ರಿ. ಈ ಪರಪ್ಪ ಕೇಳಲಿ."

"ಮುಳ್ಳು ನೂರಾ ಹತ್ತು ದಾಟಿತ್ತು."

"ನೂರಾ ಹತ್ತು!" ಪರಪ್ಪ ಕುಣಿದ. "ಲೇ ಇನ್ನೂರ, ಉಳದ ತೊಂಬತ್ತು ಎಲ್ಲಿ ಹೋದೂವು?"

"ಅದು ಅಮೇರಿಕಾದ ಮೀಟರ್ ಲೇ ಹುಚ್ಚಪ್ಪಾ! ಮೈಲಿನ ಲೆಕ್ಕ! ಕಿಲೋಮೀಟರ್ ಮಾಡಿದರ ಇನ್ನೂರರ ಹತ್ರ ಬರತೈತಿ!"

"ಹತ್ರ ಬರತೈತೋ, ಮುಟ್ಟತೈತೋ?"

ಅವನ ಕುತ್ತಿಗೆಗೆ ಕೈ ಹಾಕುತ್ತಿದ್ದೆ. ಅಷ್ಟರಲ್ಲಿ ಜಿನ್ನವ್ವ ಬಾಯಿ ಬಿಟ್ಟಳು. ಗಂಡನ ಕಡೆ ತಿರುಗಿದ್ದಳು, ಸಿಟ್ಟಿರಲಿಲ್ಲ.

"ನನಗ ಅವತ್ತ ಗೊತ್ತಾಗಿತ್ತು. ಟೋಪಿ ಇಲ್ಲದ ಮನಿಗೆ ಬಂದ್ರಿ, ಗಾಳಿಗೆ ಹಾರಿತು ಅಂದ್ರಿ. ನಲವತ್ತರಾಗ ಎಂದಾರ ಟೋಪಿ ಹಾರತೈತೇನು?"

ಆಬಾಸಾಹೇಬರು ತಲೆಯ ಮೇಲಿನ ಟೋಪಿಯನ್ನು ಮುಟ್ಟಿ ನೋಡಿಕೊಂಡರು.

"ಮಿಸ್ತ್ರಿ," ಅಂದಳು ನನಗೆ, "ನೀವು ಕಿರಕೋಳದಾಗ ಕೇಳ್ರಿ ಅಂದ್ರಿ, ಚಲೋ ಆತು. ನಂದೂ ಕೇಳ್ರಿ. ಆ ಭಾನುವಾರ ಜನ ನಿಮಗ ನಗುವಾಗ ನಾ ಹಿಂದಿನ ಸೀಟಿನ್ಯಾಗ ಸುಮ್ಮನ ಕುಂತಿದ್ನಿ. ಅದು ತಪ್ಪು. ಅದಕ್ಕ ಕ್ಷಮಾ ಕೇಳತೇನಿ."

"ಅದಕ್ಕ ಮಾಡೇನಿ, ಅಕ್ಕಾರ" ಅಂದೆ. "ಎಂಜಿನ್?"

"ಎಂಜಿನ್ ತೆಗಸಿದಾಕಿ ನಾನ. ಮೂಡಲಗಿಗೆ ಯಲ್ಲಾರಿ ಕಡೆ ಕಳಸಿದಾಕೀನೂ ನಾನ. ಎವರೇಜ್ ಅಂತ ಹೇಳ್ರಿ ಅಂತ ಇವರಿಗೆ ಕಲಿಸಿಕೊಟ್ಟಾಕೀನೂ ನಾನ. ನಿಮ್ಮ ಎಂಜಿನ್ ಗೋದಾಮಿನ್ಯಾಗ ಐತಿ, ಕೀಲಿ ನನ್ನ ಸೆರಗಿನ್ಯಾಗ ಐತಿ. ಒಮ್ಮೆ ಕಾಲು ಮುರಕೊಂಡ ಮನಿಶ್ಯಾನ್ನ ಹತ್ತು ತಿಂಗಳ ಎತ್ತಿ ಕೂಡಿಸಿ ಮಲಗಿಸೇನಿ. ಅದಕ್ಕ ಇದೊಂದಕ್ಕ ಕ್ಷಮಾ ಕೇಳಂಗಿಲ್ಲ."

"ಹಂಗಾರ ನಾನೂ ಮಾಡಂಗಿಲ್ಲ!" ನಾನು ಕಿರುಚಿದೆ.

"ಬ್ಯಾಡ್ರಿ" ಅಂದಳು. "ಕೇಳದನ ಯಾಕ ಮಾಡತೀರಿ?"

ಕೈ ಮುಗಿದು ಹಿಂದಿನ ಸೀಟಿಗೆ ಹತ್ತಿದಳು. ನನ್ನ ತಕ್ಕಡಿಯಲ್ಲಿ ನನ್ನನ್ನೇ ತೂಗಿ ಹೋದಳಲ್ಲ! ಆಬಾಸಾಹೇಬರು ಹತ್ತುವ ಮೊದಲು ನನ್ನ ಕೈ ಹಿಡಿದು ಒತ್ತಿದರು. ಯಾರಿಗೂ ಕೇಳದ ಹಾಗೆ "ಕಾಗಿ ಖರೇನ ಹಿಂದ ಉಳದಿತ್ತಲೋ" ಅಂದರು.

ಡಬ್ ಡಬ್ ಡಬ್. ಗಾಡಿ ಹೊರಟಿತು. ನಾನು ಹೊಗೆಯ ನಡುವೆ ಹಲ್ಲು ಕಡಿಯುತ್ತ ನಿಂತಿದ್ದೆ. ಮುಂದಿನ ತಿರುವಿನಲ್ಲಿ ಯಾರದೋ ಎಮ್ಮೆ ಒಮ್ಮೆಲೆ ರಸ್ತೆಗೆ ನುಗ್ಗಿತು. ಅಷ್ಟು ಉದ್ದದ, ಅಷ್ಟು ಭಾರದ ಗಾಡಿ, ಕಿರ್ ಅನ್ನಲಿಲ್ಲ, ಜಾರಲಿಲ್ಲ, ಮೊಳೆ ಹೊಡೆದ ಹಾಗೆ ನಿಂತಿತು. ಎಮ್ಮೆ ಬಂಪರನ್ನು ಮೂಸಿ, ಬಾಲ ಬೀಸಿ, ದಾಟಿ ಹೋಯಿತು. ಹಿಂದಿನ ಗಾಜಿನಲ್ಲಿ ಜಿನ್ನವ್ವ ತಿರುಗಿ ಒಂದು ಸಲ ನನ್ನ ಕಡೆ ನೋಡಿದಳು.

"ಬ್ರೇಕ್ ಮಾತ್ರ ಭಾರೀ ಅದಾವ ಬಿಡು, ಶಿದ್ರಾಮ" ಅಂದ ಪರಪ್ಪ.

"ನಿನ್ನ ಬಾಯಿಗೂ ಒಂದು ಹಾಕತೇನಿ" ಅಂದೆ. "ಚಹಾ ಕೊಡು."