ಮೊದಲ ನೀರು

ಬೋಗುಣಿಯ ನೀಲಿ ಅಂಚಿನಲ್ಲಿ ಒಂದು ಕಡೆ ಬಣ್ಣ ಎದ್ದು ಕಪ್ಪಾಗಿ ಕಾಣುತ್ತಿದೆ, ಹೂವಿನವಳು ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಡಬಹುದಿತ್ತು, ಸರಿಯಾಗಿ ಜನರಿಗೆ ಕಾಣುವ ಹಾಗೇ ಇಟ್ಟಿದ್ದಾಳೆ, ಅಮ್ಮನ ಶವಪೆಟ್ಟಿಗೆಯ ಕಾಲ ಬದಿಗೆ, ಬಿಳಿ ಹೂವು ತುಂಬಿ — ಮಗಳು ಮುಂದಿನ ಬೆಂಚಿನಲ್ಲಿ ಕೂತು ಪೆಟ್ಟಿಗೆಯನ್ನು ಬಿಟ್ಟು ಬೋಗುಣಿಯನ್ನೇ ನೋಡುತ್ತಿದ್ದಾಳೆ, ಪೆಟ್ಟಿಗೆ ನೋಡಿದರೆ ಏನೂ ಆಗುತ್ತಿಲ್ಲ, ಮರ, ಹಿತ್ತಾಳೆಯ ಹಿಡಿ, ಅಷ್ಟೇ, ಜೋಮು ಹಿಡಿದ ಕಾಲನ್ನು ಮುಟ್ಟಿಕೊಂಡರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ. ಹಿಂದಿನ ಬೆಂಚುಗಳಲ್ಲಿ ಮೂಗು ಸೀಟುವ ಸದ್ದು, ಇಡೀ ಚರ್ಚು ಅಳುತ್ತಿದೆ, ಹೆತ್ತ ಮಗಳ ಕಣ್ಣು ಮಾತ್ರ ಒಣಗಿದೆ, ಅದನ್ನು ಅವರು ಗಮನಿಸದೆ ಬಿಟ್ಟಾರೆಯೇ, ಎಲ್ಲರೂ ಅವಳ ಬೆನ್ನನ್ನೇ ನೋಡುತ್ತಿರುತ್ತಾರೆ. ಪರಮಪ್ರಸಾದ ಮುಗಿದ ಮೇಲೆ ನೀನು ಅಮ್ಮನ ಬಗ್ಗೆ ಎರಡು ಮಾತು ಆಡಮ್ಮಾ ಎಂದಿದ್ದಾರೆ ಫಾದರ್, ಅಣ್ಣನನ್ನು ಕೇಳಿದರೆ ನನ್ನ ಕೈಲಿ ಆಗಲ್ಲ ಕಣೇ, ಬಾಯಿ ತೆಗೆದ್ರೆ ಅತ್ತುಬಿಡ್ತೀನಿ, ನೀನು ಗಟ್ಟಿ ಎಂದುಬಿಟ್ಟ, ಗಟ್ಟಿ ಅಂತೆ, ಗಟ್ಟಿಯೂ ಇಲ್ಲ ಮಣ್ಣೂ ಇಲ್ಲ, ಒಳಗೆ ಏನೂ ಅಲ್ಲಾಡುತ್ತಿಲ್ಲ, ಎರಡು ಮಾತು ಎಲ್ಲಿಂದ ತರುವುದು. ನಿನ್ನೆ ಮನೆಗೆ ಬಂದವರೆಲ್ಲ ಒಂದೊಂದು ಮಾತು ಇಟ್ಟುಕೊಂಡೇ ಬಂದಿದ್ದರು, ಬೇಕರಿಯವನು ಹೇಳಿದ, ನನ್ನಂಗಡಿ ಸುಟ್ಟುಹೋದಾಗ ನಿಮ್ಮಮ್ಮ ನಿಮ್ಮ ಅಡುಗೆಮನೆನೇ ಬಿಟ್ಟುಕೊಟ್ರು, ಎಷ್ಟು ದಿನ ನಿಮ್ಮನೆ ಒಲೇಲೇ ಬ್ರೆಡ್ ಮಾಡ್ದೆ — ಹೌದು, ಅಷ್ಟು ದಿನ ಇವಳ ತಟ್ಟೆಯಲ್ಲೂ ಅದೇ ಬ್ರೆಡ್, ಸೀದ ತುಂಡು, ಮಾರಾಟವಾಗದ್ದು — ದರ್ಜಿಯ ಹೆಂಡತಿ ಹೇಳಿದಳು, ಅವ್ರು ಹೊಡೆದು ಹೊರಗೆ ಹಾಕಿದ ದಿನ ನಾನು ನೆಟ್ಟಗೆ ಬಂದಿದ್ದು ನಿಮ್ಮನೆಗೇ, ಬಾಗಿಲು ತೆಗೆದೇ ಇತ್ತು. ಬಾಗಿಲು ತೆಗೆದೇ ಇರುತ್ತಿತ್ತು. ಅದಕ್ಕೇ ಬೀದಿಯವರು ಅಮ್ಮನಿಗೆ ಬಾಗಿಲಮ್ಮ ಎಂದು ಹೆಸರಿಟ್ಟಿದ್ದು, ನಿಮ್ಮಂಥವರು ಇನ್ನೆರಡು ಮನೇಲಿದ್ರೆ ನಾನು ಉಪವಾಸ ಬೀಳ್ತೀನಿ ಎಂದು ಬೀಗ ರಿಪೇರಿಯವನು ರೇಗಿಸುತ್ತಿದ್ದ, ಅಮ್ಮ ನಗುತ್ತಾ ಅವನಿಗೂ ಒಂದು ಲೋಟ ಚಹಾ ಕೊಡುತ್ತಿದ್ದಳು.

ದರ್ಜಿಯ ಹೆಂಡತಿ ಬಂದ ದಿನ ಮಲಗಿದ್ದು ಎಲ್ಲಿ, ಇವಳ ಹಾಸಿಗೆಯಲ್ಲಿ, ಸ್ಕೂಲಿಂದ ಬಂದರೆ ತನ್ನ ದಿಂಬಿನ ಮೇಲೆ ಯಾರದೋ ತಲೆ, ಸ್ವಲ್ಪ ಸರಿದು ಮಲಕ್ಕೋ, ಪಾಪ, ಎಂದಿದ್ದಳು ಅಮ್ಮ, ಪಾಪ ಅನ್ನುವುದೇ ಆ ಮನೆಯ ಮಾತು, ಬೇಕರಿಯವನು ಪಾಪ, ದರ್ಜಿಯ ಹೆಂಡತಿ ಪಾಪ, ಕುಡಿದು ಬಂದ ದರ್ಜಿ ಕೂಡ ಒಂದು ಲೆಕ್ಕದಲ್ಲಿ ಪಾಪವೇ, ಲೋಕದಲ್ಲಿ ಪಾಪ ಅಲ್ಲದವಳು ಇವಳೊಬ್ಬಳೇ. ಹೊಟ್ಟೆ ಆಪರೇಷನ್ ಆಗಿ ಇವಳು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅಷ್ಟೇ, ಅಮ್ಮ ಓಡೋಡಿ ಬಂದಳು, ಹಣೆ ಮುಟ್ಟಿದಳು, ಹೊದಿಕೆ ಸರಿ ಮಾಡಿದಳು, ತಿರುಗಿ ನೋಡುವಷ್ಟರಲ್ಲಿ ಪಕ್ಕದ ಮಂಚದವಳಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಾ ಕೂತಿದ್ದಳು, ಅಮ್ಮಾ ಎಂದರೆ, ನಿಂಗೇನೇ, ನಿಂಗೆ ನಾನಿದ್ದೀನಲ್ಲ, ಇವಳಿಗೆ ಯಾರಿದ್ದಾರೆ — ನಿಂಗೆ ನಾನಿದ್ದೀನಲ್ಲ, ಆ ಮಾತು ಕೇಳಿ ಸಿಟ್ಟು ಬಂದಿತ್ತು, ನಿಜವಾಗಿ ಸಿಟ್ಟು, ಹೊಲಿಗೆ ಹಾಕಿದ ಜಾಗ ನೋಯುವಷ್ಟು. ಇದನ್ನೆಲ್ಲ ಮೈಕಿನಲ್ಲಿ ಹೇಳಲಾದೀತೇ, ಮಗಳಿಗೆ ಹೊಟ್ಟೆಕಿಚ್ಚು ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಫಾದರ್ ಪೀಠದ ಮೇಲೆ ಬಿಳಿ ಬಟ್ಟೆ ಬಿಡಿಸುತ್ತಿದ್ದಾರೆ, ಚಿಕ್ಕದು, ಚೌಕದ್ದು, ನಡುವೆ ಕೆಂಪು ದಾರದ ಶಿಲುಬೆ, ಅದರ ಮೇಲೆ ಪಾನಪಾತ್ರೆ ಇಡುತ್ತಾರೆ, ಇಸ್ತ್ರಿ ಗೆರೆ ತಪ್ಪಿದೆ, ಈ ಸಲ ಅತ್ತಿಗೆ ಅದನ್ನು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿದ್ದಾಳೆ, ಮೂರು ಮಡಿಕೆ ಹೀಗೆ, ಮೂರು ಮಡಿಕೆ ಹಾಗೆ, ಒಳಗೆ ಬಿದ್ದದ್ದು ಒಳಗೇ ಉಳೀಬೇಕು, ಅಮ್ಮ ಇವಳಿಗೆ ಕಲಿಸಿದ್ದು ಹಾಗೆ. ಹೌದು, ಪೀಠದ ಬಟ್ಟೆ ಒಗೆಯುವುದು ಅಮ್ಮನ ಕೆಲಸ, ಶನಿವಾರ ಮಧ್ಯಾಹ್ನ, ಆಗ ಮಾತ್ರ ಅಮ್ಮ ಬಾಗಿಲಿಗೆ ಚಿಲಕ ಹಾಕುತ್ತಿದ್ದಳು — ಬಾಗಿಲಮ್ಮನ ಚಿಲಕದ ಸದ್ದು ಇವಳಿಗೊಬ್ಬಳಿಗೇ ಗೊತ್ತು, ತುಕ್ಕು ಹಿಡಿದು ಕಿರ್ ಅಂದು ಟಕ್ ಅನ್ನುತ್ತಿತ್ತು — ಅಣ್ಣ ಆಟಕ್ಕೆ ಹೋಗಿರುತ್ತಿದ್ದ, ಮನೆಯಲ್ಲಿ ಇಬ್ಬರೇ, ಅಮ್ಮ ನೀಲಿ ಅಂಚಿನ ಬೋಗುಣಿಯಲ್ಲಿ ಬರೀ ನೀರು ತುಂಬಿ ಬಟ್ಟೆಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದಳು, ಸೋಪು ಆಮೇಲೆ, ಪಾತ್ರೆ ಬೇರೆ, ಈ ಮೊದಲ ನೀರು ಮಾತ್ರ ಮೋರಿಗೆ ಹೋಗಬಾರದು, ಪರಮಪ್ರಸಾದದ ರೊಟ್ಟಿ ಪುಡಿ ಕಣ್ಣಿಗೆ ಕಾಣದಷ್ಟು ಬಟ್ಟೆಗೆ ಅಂಟಿರುತ್ತೆ, ಅದು ದೇವರೇ ಅಲ್ವಾ, ಕೊಚ್ಚೆ ಜೊತೆ ಕಳಿಸೋಕಾಗುತ್ತಾ, ಮಣ್ಣಿಗೆ ಹಾಕ್ಬೇಕು, ಹೋಗು, ನಿಧಾನ, ತುಳುಕಿಸಬೇಡ. ಬೋಗುಣಿ ಹೊತ್ತು ಹಿತ್ತಿಲಿಗೆ ಹೋಗಿ ಗುಲಾಬಿ ಗಿಡದ ಬುಡಕ್ಕೆ ಹಾಕುವುದು ಇವಳ ಕೆಲಸ, ಅಣ್ಣನಿಗೆ ಕೂಡ ಕೊಟ್ಟಿರಲಿಲ್ಲ, ಎದೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ನೀರಿನಲ್ಲಿ ತನ್ನ ಗದ್ದ ಕಾಣುತ್ತಿತ್ತು. ಒಂದು ಸಲ ಯಾರೋ ಬಾಗಿಲು ಬಡಿದರು, ಬಿಡದೆ ಬಡಿದರು, ಅಮ್ಮಾ ಯಾರೋ ಬಂದ್ರು ಎಂದರೆ ಅಮ್ಮ ಬಾಯಿ ಮೇಲೆ ಬೆರಳಿಟ್ಟಳು, ಬಡೀಲಿ ಬಿಡೇ, ಇದು ನಮ್ಮಿಬ್ಬರ ಹೊತ್ತು, ಇಬ್ಬರೂ ಕಳ್ಳರ ಹಾಗೆ ಸೆರಗಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಅಮ್ಮನ ಮೇಲೆ ಇವಳಿಗೆ ಪ್ರೀತಿ ಉಕ್ಕುತ್ತಿದ್ದದ್ದು ಆ ಹೊತ್ತಿನಲ್ಲೇ, ಉಳಿದ ದಿನಗಳೆಲ್ಲ ಬೀದಿಯವರದು, ಶನಿವಾರ ಇವಳದು.

ಹಾಗಾದರೆ ಅದನ್ನೇ ಹೇಳಬಹುದು, ನಮ್ಮಮ್ಮ ವಾರಕ್ಕೊಮ್ಮೆ ನನಗೋಸ್ಕರ ಬಾಗಿಲು ಹಾಕ್ಕೊಳ್ತಿದ್ಲು ಎಂದು, ಅದು ಯಾರಿಗೂ ಗೊತ್ತಿಲ್ಲ, ಗೊತ್ತಿದ್ದರೆ ನಿನ್ನೆಯಿಂದ ಹೀಗೆ ಪಿಸುಗುಟ್ಟುತ್ತಿರಲಿಲ್ಲ — ಬಾಗಿಲಮ್ಮ ಯಾಕೆ ಚಿಲಕ ಹಾಕ್ಕೊಂಡಿದ್ರು, ಕಳ್ಳರ ಭಯ ಇತ್ತಾ, ಮರೆವಾ, ಭಾನುವಾರದ ಪೂಜೆಗೆ ಬರಲಿಲ್ಲವಲ್ಲ ಎಂದು ಹೋಗಿ ನೋಡಿದರೆ ಬಾಗಿಲು ಭದ್ರ, ಕೊನೆಗೆ ಆ ಬೀಗ ರಿಪೇರಿಯವನೇ ಬಂದು ಚಿಲಕ ಕಿತ್ತ, ಕೀಳುವಾಗ ಅವನು ಅಳುತ್ತಿದ್ದನಂತೆ, ಅಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಹಾಗೇ ಕೂತಿದ್ದಳು, ಹಿಂದಿನ ಸಂಜೆಯೇ ಹೋಗಿರಬೇಕು ಎಂದರು ಡಾಕ್ಟರು. ಮೊನ್ನೆ ಶನಿವಾರ ಫೋನು ಬಂದಾಗ ಇವಳು ಕನ್ನಡಕದಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತಿದ್ದಳು, ಇದು ಚೆನ್ನಾಗಿ ಕಾಣುತ್ತಾ, ಇದಾ, ಫೋನಿನಲ್ಲಿ ಅಮ್ಮ, ಬಟ್ಟೆ ನೆನೆ ಹಾಕಿದೀನಿ ಕಣೇ, ಬೋಗುಣಿ ಎತ್ತೋಕೆ ಕೈಲಾಗ್ತಿಲ್ಲ, ನೀರು ಮುಚ್ಚಿಟ್ಟಿರ್ತೀನಿ, ನೀನು ಬಂದು ಗಿಡಕ್ಕೆ ಹಾಕು — ಇವತ್ತಾಗಲ್ಲಮ್ಮಾ, ಅಂಗಡಿ ತುಂಬ ಜನ, ನಾಳೆ ಬರ್ತೀನಿ — ಸರಿ ಬಿಡು, ಬಿಡುವಾದ್ರೆ ಸಂಜೆನೇ ಬಾ. ನಾಳೆ ಬಂದಳು, ಮಾತೇನೂ ತಪ್ಪಲಿಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆ ತುಂಬ ಜನ, ಹೂವಿನವಳು ಬಾಗಿಲಲ್ಲಿ ನಿಂತು, ಅಗಲವಾದ ಪಾತ್ರೆ ಒಂದಿದ್ರೆ ಕೊಡಮ್ಮಾ ಎಂದಳು, ಸಿಂಕಿನ ಪಕ್ಕದಲ್ಲೇ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು, ಇವಳು ಎಡಗೈಯಲ್ಲಿ ತಟ್ಟೆ ತೆಗೆದಳು, ಬಲಗೈಯಲ್ಲಿ ಸಿಂಕಿಗೆ ಬಗ್ಗಿಸಿದಳು, ಪಾತ್ರೆ ತೊಳೆಯುವವಳ ಹಾಗೆ, ಏನೂ ಯೋಚಿಸದೆ, ನೀರು ಜಾಲರಿಯ ಮೇಲೆ ಒಂದು ಸುತ್ತು ತಿರುಗಿತು, ಹೋಯಿತು, ಬೋಗುಣಿಯನ್ನು ಹೂವಿನವಳ ಕೈಗೆ ಕೊಟ್ಟು ತಿರುಗಿದರೆ ಹಿತ್ತಿಲ ಹಗ್ಗದ ಮೇಲೆ ಅಮ್ಮ ಒಗೆದು ಹಾಕಿದ್ದ ಬಿಳಿ ಬಟ್ಟೆಗಳು, ಕೆಂಪು ಶಿಲುಬೆ, ಕೈ ಇನ್ನೂ ಒದ್ದೆಯಿತ್ತು. ಯಾರೂ ನೋಡಲಿಲ್ಲ. ನೋಡಿದ್ದರೂ ಅವರಿಗೆ ಅದು ಬರೀ ನೀರು. ಪರಮಪ್ರಸಾದ ಮುಗಿದಿದೆ, ಅಣ್ಣ ಮೊಣಕೈಯಿಂದ ತಿವಿಯುತ್ತಿದ್ದಾನೆ, ಏಳೇ, ಫಾದರ್ ಕರೀತಿದ್ದಾರೆ, ಏಳುತ್ತಾಳೆ, ಕಾಲು ನಡೆಯುತ್ತಿದೆ, ಪೆಟ್ಟಿಗೆ ದಾಟಿ, ಬೋಗುಣಿ ದಾಟಿ, ಮೈಕು ಎತ್ತರಕ್ಕಿದೆ, ಫಾದರ್ ಬಗ್ಗಿಸಿ ಕೊಡುತ್ತಾರೆ, ಎದುರಿಗೆ ಬೇಕರಿಯವನು, ದರ್ಜಿಯ ಹೆಂಡತಿ, ಬೀಗ ರಿಪೇರಿಯವನು, ಇಷ್ಟೊಂದು ಜನ, ಎಲ್ಲರೂ ಪಾಪ — ನಮ್ಮಮ್ಮ ಬಾಗಿಲು ಹಾಕ್ಕೊಳ್ತಿದ್ಲು, ಎನ್ನುತ್ತಾಳೆ, ಧ್ವನಿ ಯಾರದೋ ಅನ್ನಿಸುತ್ತದೆ, ಬೆಂಚುಗಳಲ್ಲಿ ತಲೆಗಳು ಮೇಲೇಳುತ್ತವೆ, ಶನಿವಾರ ಮಾತ್ರ, ಎನ್ನುತ್ತಾಳೆ, ನಾನು ಬರ್ತೀನಿ ಅಂತ — ಮುಂದಿನ ಮಾತಿಗೆ ಬಾಯಿ ತೆರೆದಿದೆ, ಎಡಗೈಯಲ್ಲಿ ತಟ್ಟೆ, ಜಾಲರಿಯ ಮೇಲೆ ನೀರು, ಒಂದು ಸುತ್ತು, ಜಾಲರಿಯ ಮೇಲೆ ನೀರು ಒಂದು ಸುತ್ತು ತಿರುಗುತ್ತದೆ, ಒಂದು ಸುತ್ತು.