ಹಿಂದಿನ ಕೋಣೆಯ ಪೆಟ್ಟಿಗೆಗಳು

ಅವಳನ್ನು ಕಾರ್ಯದರ್ಶಿಯಾಗಿ ಆರಿಸಿದ ದಿನ ಅವಳು ಸಭೆಯಲ್ಲೇ ಇರಲಿಲ್ಲ. ಹಲ್ಲುನೋವು ಬಂದು ಮನೆಯಲ್ಲಿ ಕೆನ್ನೆ ಹಿಡಿದುಕೊಂಡು ಮಲಗಿದ್ದಳು. ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ತನಗೆ ಪುರುಸೊತ್ತಿಲ್ಲ ಎಂದು ಒಬ್ಬೊಬ್ಬರೂ ನುಣುಚಿಕೊಂಡು, ಕೊನೆಗೆ ಅಲ್ಲಿಲ್ಲದವಳ ತಲೆಗೆ ಕಟ್ಟಿ ಎದ್ದಿದ್ದರು. ಆಮೇಲೆ ಎಷ್ಟೋ ವರ್ಷ ಕಳೆದರೂ ಆ ಕೆಲಸ ತನಗೆ ಬೇಕೆಂದು ಕೇಳಿಕೊಂಡು ಬಂದವರಿಲ್ಲ.

ಅದು ಚಾರಿತ್ರಿಕ ಪುರಾತತ್ವಜ್ಞರ ಸಂಘ. ರಾಜರ ಕೋಟೆಯನ್ನೋ ಶಿಲಾಯುಗದ ಕೊಡಲಿಯನ್ನೋ ಹುಡುಕುವವರು ಬೇರೆ. ಇವರು ಅಗೆಯುವುದು ಮುತ್ತಜ್ಜನ ಕಾಲದ ನೆಲವನ್ನು: ಮುಚ್ಚಿಹೋದ ಗಿರಣಿ, ಕೂಲಿಗಳ ಸಾಲುಮನೆ, ಹಳೆಯ ಜೈಲು. ಅಲ್ಲಿ ಸಿಗುವುದು ಒಡೆದ ಬಾಟಲಿ, ಹೆಂಚಿನ ಚೂರು, ಅಂಗಿಯ ಗುಂಡಿ. ಶಾಲೆಯಲ್ಲಿ ಲೆಕ್ಕದ ಮೇಷ್ಟರಾಗಿದ್ದ ಅವಳ ಗಂಡ, "ಇವರು ಗುಂಡಿ ತೋಡಿ ಗುಂಡಿ ಹುಡುಕೋರು" ಎಂದು ಬಂದ ನೆಂಟರಿಗೆಲ್ಲ ಪರಿಚಯ ಮಾಡಿಸಿ ತಾನೇ ಮೊದಲು ನಗುತ್ತಿದ್ದ.

ಸಂಘಕ್ಕಿದ್ದದ್ದು ಕನ್ನಡಕದಂಗಡಿಯ ಮಹಡಿಯ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಮೇಜು, ಕಿರುಗುಟ್ಟುವ ಫ್ಯಾನು, ಒಂದೊಂದು ಎತ್ತರದ ಕುರ್ಚಿಗಳು. ಹಿಂದಿನದರಲ್ಲಿ ನೆಲದಿಂದ ಸೂರಿನವರೆಗೂ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಅವುಗಳಲ್ಲಿದ್ದದ್ದು ಮನುಷ್ಯರ ಮೂಳೆ. ಊರಾಚೆ ಹಿಂದೊಮ್ಮೆ ಕ್ಷಯರೋಗದ ಆಸ್ಪತ್ರೆ ಇತ್ತು, ಅದಕ್ಕೊಂದು ಸ್ಮಶಾನವಿತ್ತು. ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲದ ಮೇಲೆ ರಸ್ತೆ ಅಗಲ ಮಾಡಲು ಬುಲ್ಡೋಜರು ಬಂತು. ಈಗಿನ ಅಧ್ಯಕ್ಷರು, ಆಗಿನ್ನೂ ತಲೆತುಂಬ ಕಪ್ಪು ಕೂದಲಿದ್ದವರು, ಅದರ ಮುಂದೆ ಅಡ್ಡ ಮಲಗಿದರು. ಕೆಲಸ ನಿಂತಿತು. ಗೆಳೆಯರನ್ನು ಕಟ್ಟಿಕೊಂಡು ಒಂದೊಂದೇ ಮೂಳೆಯ ಮಣ್ಣನ್ನು ಬ್ರಷ್ಷಿನಿಂದ ತೆಗೆದು ಅಲ್ಲಿ ಹೂತವರನ್ನೆಲ್ಲ ಮೇಲಕ್ಕೆತ್ತಿದರು. ಸಂಘ ಹುಟ್ಟಿದ್ದೇ ಆ ಗೋರಿಗಳ ಅಂಚಿನಲ್ಲಿ. ಅಧ್ಯಕ್ಷರನ್ನು ಎಲ್ಲರೂ ಪ್ರೊಫೆಸರು ಎನ್ನುತ್ತಿದ್ದರು. ಅವಳಿಗೂ ಪಾಠ ಹೇಳಿದ ಗುರು ಅವರೇ.

ಸಂಘದ ವಾರ್ಷಿಕೋತ್ಸವದ ಹೊತ್ತಿಗೆ ಪತ್ರಿಕೆಯೊಂದು ಬುಲ್ಡೋಜರಿನ ಮುಂದೆ ಮಲಗಿದ ಹಳೆಯ ಚಿತ್ರ ಹಾಕಿ ಪ್ರೊಫೆಸರನ್ನು ಹೊಗಳಿ ಬರೆಯಿತು. ಅದರ ಮಾರನೆಯ ವಾರ ಒಬ್ಬ ಮುದುಕಿ ಮೆಟ್ಟಿಲ ಕಂಬಿ ಹಿಡಿದು, ನಿಂತು ನಿಂತು ಹತ್ತಿ ಬಂದಳು. ಎಂಬತ್ತರ ಆಸುಪಾಸು. ಕೊರಳಲ್ಲಿ ಹೊಲಿಗೆಯ ಅಳತೆ ಟೇಪು ಹಾಗೇ ಇತ್ತು. ತೆಗೆದಿಡಲು ಮರೆತಿದ್ದಳು.

"ಆಸ್ಪತ್ರೆ ಸ್ಮಶಾನದಿಂದ ತೆಗ್ದೋರನ್ನ ಇಟ್ಟಿರೋದು ಇಲ್ಲೇನಮ್ಮಾ?"

"ಹೌದಜ್ಜಿ, ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಕಾಲು ಸರಿ ಇಲ್ಲ."

"ನಮ್ಮಮ್ಮ ಅಲ್ಲಿದ್ಲು" ಎಂದಳು ಮುದುಕಿ, ಇನ್ನೂ ಏದುಸಿರು ಬಿಡುತ್ತ. "ಅವಳನ್ನ ಮಣ್ಣು ಮಾಡಿದಾಗ ನಂಗೆ ನಾಲ್ಕೋ ಐದೋ. ರಸ್ತೆ ಆಯ್ತಲ್ಲ, ಅವಳು ಡಾಂಬರಿನ ಕೆಳಗೇ ಹೋದ್ಲು ಅಂದ್ಕೊಂಡಿದ್ದೆ. ಆ ದಾರೀಲಿ ಬಸ್ಸು ಹೋಗೋವಾಗ ಕಾಲು ಕೆಳಗಿಡ್ತಿರ್ಲಿಲ್ಲ ನಾನು, ಸೀಟಿನ ಮೇಲೆ ಎತ್ಕೊಂಡು ಕೂರ್ತಿದ್ದೆ. ಕಂಡಕ್ಟರ್ ಹತ್ರ ಎಷ್ಟು ಸಲ ಬೈಸ್ಕೊಂಡಿದೀನೋ. ಈಗ ನೋಡಿದ್ರೆ ಇವಳು ಮಹಡಿ ಮೇಲಿದಾಳೆ!"

ಮುದುಕಿ ನಕ್ಕಳು. ಕಾರ್ಯದರ್ಶಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಅವಳನ್ನ ಕೊಟ್ಬಿಡಿ. ನಮ್ಮಪ್ಪನ ಪಕ್ಕ ಜಾಗ ಇದೆ. ನಾನಿರೋವಾಗ್ಲೇ ಅಲ್ಲಿ ಮಲಗಿಸ್ಬೇಕು. ನಾನು ಹೋದ್ಮೇಲೆ ಇವಳ್ಯಾರು ಅಂತ ಹೇಳೋರು ಇರಲ್ಲ."

"ಗೋರಿಗಳಿಗೆ ಹೆಸರು ಇರ್ಲಿಲ್ಲ ಅಜ್ಜಿ. ಏನಾದ್ರೂ ಗುರುತು ಗೊತ್ತಾ?"

"ಎಡಗೈ ಸೊಟ್ಟ" ಎಂದು ಮುದುಕಿ ತನ್ನ ಮುಂಗೈಯನ್ನು ಬಾಗಿಸಿ ತೋರಿಸಿದಳು. "ಚಿಕ್ಕವಳಿದ್ದಾಗ ಎಲ್ಲೋ ಬಿದ್ದು ಮುರ್ಕೊಂಡಿದ್ಲಂತೆ, ನೆಟ್ಟಗೆ ಕೂಡ್ಲೇ ಇಲ್ಲ. ನನ್ನನ್ನ ವಾರ್ಡಿನೊಳಗೆ ಬಿಡ್ತಿರ್ಲಿಲ್ಲ. ಅಪ್ಪ ನನ್ನನ್ನ ಎತ್ಕೊಂಡು ಅಂಗಳದಲ್ಲಿ ನಿಲ್ಲೋನು. ಅವಳು ಕಿಟಕೀಲಿ ಬಂದು ಆ ಕೈ ಬೀಸೋಳು."

ಕಾರ್ಯದರ್ಶಿಗೆ ಜೀವ ಬಂದಂತಾಯಿತು. ಮುರಿದು ಕೂಡಿದ ಮೂಳೆ ಸುಳ್ಳು ಹೇಳುವುದಿಲ್ಲ. "ಹಾಗಾದ್ರೆ ಸಿಕ್ಕೇ ಸಿಗ್ತಾರೆ ಅಜ್ಜಿ" ಎಂದುಬಿಟ್ಟಳು. ಆ ಮಾತು ಬಾಯಿಂದ ಜಾರಿದ್ದಕ್ಕೆ ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡಳೋ.

ಇಷ್ಟು ವರ್ಷ ಅವಳು ಆ ಪೆಟ್ಟಿಗೆಗಳ ಧೂಳು ಹೊಡೆದಿದ್ದಳೇ ಹೊರತು ಹಗ್ಗ ಬಿಚ್ಚಿರಲಿಲ್ಲ. ಒಂದು ಪೆಟ್ಟಿಗೆಗೆ ಒಬ್ಬರು ಎಂದೇ ತಿಳಿದಿದ್ದಳು. ಮುದುಕಿಯನ್ನು ಕಳಿಸಿ ಮೊದಲನೆಯದನ್ನು ತೆರೆದಳು. ಬರೀ ತೊಡೆಯ ಮೂಳೆಗಳು, ಸೌದೆ ಒಟ್ಟಿದ ಹಾಗೆ. ಪಕ್ಕದ್ದರಲ್ಲಿ ಬರೀ ಬೆನ್ನಿನ ಮಣಿಗಳು. ಇನ್ನೊಂದರಲ್ಲಿ ದವಡೆಗಳು. ತಳದಲ್ಲೆಲ್ಲ ಹುಳು ತಿಂದು ಉಳಿಸಿದ ಕಾಗದದ ಹಿಟ್ಟು. ಒಬ್ಬ ಮನುಷ್ಯನೂ ಇಡಿಯಾಗಿ ಎಲ್ಲೂ ಇರಲಿಲ್ಲ. ಕೆಳಗೆ ಕನ್ನಡಕದಂಗಡಿಯವನು ಯಾರಿಗೋ ಅಕ್ಷರ ಓದಿಸುತ್ತಿದ್ದ. "ಈಗ ಕಾಣ್ತಿದ್ಯಾ? ಈಗ?" ಎಂದು ಕೇಳುವುದು ಮೇಲಕ್ಕೆ ಕೇಳಿಸುತ್ತಿತ್ತು.

ಆ ಸಂಜೆಯೇ ಅವಳು ಪ್ರೊಫೆಸರ ಮನೆಗೆ ಹೋದಳು. ಅವರು ಬಾಲ್ಕನಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ಸರ್, ಆಸ್ಪತ್ರೆಯವರನ್ನ ಒಬ್ಬೊಬ್ಬರನ್ನಾಗಿ ಇಟ್ಟಿರಲಿಲ್ವಾ?"

"ಇಟ್ಟಿದ್ವಿ" ಎಂದರು ಅವರು ಸಹಜವಾಗಿ. "ಆಮೇಲೆ ವಿಂಗಡಿಸಿದ್ವಿ. ರೋಗ ಎಲ್ಲೆಲ್ಲಿ ತಿಂದಿದೆ ಅಂತ ನೋಡ್ಬೇಕಿತ್ತು. ಬೆನ್ನುಮೂಳೆಗಳೆಲ್ಲ ಒಟ್ಟಿಗಿದ್ರೆ ರೋಗ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ. ಆಗ ಎಲ್ಲರೂ ಹಾಗೇ ಮಾಡ್ತಿದ್ರಮ್ಮ. ಯಾಕೆ?"

ಅವಳು ಮುದುಕಿಯ ವಿಷಯ ಹೇಳಿದಳು. ಅವರ ಕೈಯ ಕೊಳವೆಯಿಂದ ನೀರು ಒಂದೇ ಕುಂಡಕ್ಕೆ ಬಿದ್ದು ಬಿದ್ದು ಹೊರಚೆಲ್ಲಿತು.

"ಚೀಟಿ ಅಂಟಿಸಿದ್ವಿ ಒಂದೊಂದಕ್ಕೂ."

"ಚೀಟಿ ಉಳಿದಿಲ್ಲ ಸರ್. ಹುಳು ತಿಂದುಬಿಟ್ಟಿದೆ."

ಅವರು ನಲ್ಲಿ ನಿಲ್ಲಿಸಿ ಬಂದು ಕೂತರು. ತಮ್ಮ ಅಂಗೈಗಳನ್ನು ನೋಡಿಕೊಂಡರು. "ಯಾರಾದ್ರೂ ಕೇಳ್ಕೊಂಡು ಬರ್ತಾರೆ ಅಂತ ನಮಗೆ ಹೊಳೀಲೇ ಇಲ್ಲ" ಎಂದರು. "ಯಾರೂ ಇಲ್ಲದೋರು ಅಂತಲೇ ತಾನೇ ನಾನು ಹೋಗಿ ಅಡ್ಡ ಮಲಗಿದ್ದು."

ಅವಳು ಬೈಯಲೆಂದು ಹೋದವಳು. ಬೈಯದೆಯೇ ಎದ್ದು ಬಂದಳು.

ವೈದ್ಯಕೀಯ ಕಾಲೇಜಿನಲ್ಲಿ ಅವಳಿಗೆ ಗೊತ್ತಿದ್ದ ಮೂಳೆ ತಜ್ಞೆಯೊಬ್ಬಳು ರಜೆಯ ದಿನ ಬಂದಳು. ಇಬ್ಬರೂ ಮುಂಗೈ ಮೂಳೆಗಳ ಪೆಟ್ಟಿಗೆಗಳನ್ನು ಹಳೆಯ ಪತ್ರಿಕೆಗಳ ಮೇಲೆ ಸುರಿದು ಬೆಳಗಿನಿಂದ ಕೂತರು. ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿಯ ಕೈಗೆ ಅದು ಸಿಕ್ಕಿತು: ನಡುವೆ ಗಂಟು ಕಟ್ಟಿ ಬಿಲ್ಲಿನಂತೆ ಬಾಗಿದ ಮೂಳೆ, ತೆಳ್ಳಗೆ, ಹೆಂಗಸಿನದು. ಅವಳಿಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು. ತಜ್ಞೆ ಅದನ್ನು ತಿರುಗಿಸಿ ನೋಡಿ, "ಇದು ಎಡಗೈದೇ" ಎಂದಳು.

ಆದರೆ ಕೊನೆಯ ಪೆಟ್ಟಿಗೆಯಲ್ಲಿ ಇನ್ನೊಂದಿತ್ತು. ಅದೂ ತೆಳ್ಳಗೆ, ಅದೂ ಬಾಗಿದ್ದು. ಬಲಗೈಯದು.

"ಇರ್ಲಿ ಬಿಡೆ, ಅಜ್ಜಿ ಎಡಗೈ ಅಂತ ಹೇಳಿದಾರಲ್ಲ" ಎಂದಳು ಕಾರ್ಯದರ್ಶಿ.

"ಮಿಕ್ಕ ಮೈ?" ಎಂದು ತಜ್ಞೆ ಸುತ್ತಲಿನ ರಾಶಿಗಳತ್ತ ಕೈ ತೋರಿಸಿದಳು. "ಡಿಎನ್ಎ ಪರೀಕ್ಷೆ ಮಾಡಿಸೋಣ ಅಂದ್ರೆ ಗಟ್ಟಿಯಾಗ್ಲಿ ಅಂತ ಎಲ್ಲಕ್ಕೂ ಅಂಟು ಬಳಿದಿದಾರೆ. ಎಷ್ಟು ಜನರ ಕೈ ತಾಗಿದೆಯೋ. ಒಂದು ಕೈ ಕೊಡ್ಬಹುದು ಕಣೆ, ಅಷ್ಟೇ. ಅದೂ ಅಜ್ಜಿ ಮಾತಿನ ಮೇಲೆ."

ಮುದುಕಿ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ, ಸಿಡುಕಿದಳು.

"ನೀವೆಲ್ಲ ಓದ್ಕೊಂಡೋರು. ಒಬ್ಬಳನ್ನ ಒಬ್ಬಳಾಗಿ ಇಡೋಕೆ ಬರಲಿಲ್ವಾ ನಿಮಗೆ?"

"ತಪ್ಪಾಗಿದೆ ಅಜ್ಜಿ."

"ಕೈ ಎಲ್ಲಿದೆ? ತೋರ್ಸು."

ಕಾರ್ಯದರ್ಶಿ ಬಿಳಿ ಬಟ್ಟೆಯ ಮೇಲೆ ಆ ಎಡಗೈ ಮೂಳೆಯನ್ನು ಇಟ್ಟಳು. ಇನ್ನೊಂದರ ವಿಷಯ ಮುಚ್ಚಿಡಬಹುದಿತ್ತು. ಮುಚ್ಚಿಡಲು ಮನಸ್ಸು ಒಪ್ಪದೆ, ಹೀಗೊಂದು ಬಲಗೈಯೂ ಸಿಕ್ಕಿದೆ, ಆದರೆ ಅದು ನಿಮ್ಮಮ್ಮನದಲ್ಲ ಎಂದು ಹೇಳಿ ಅದನ್ನೂ ತಂದಳು. ಮುದುಕಿ ಒಂದರ ಮೇಲೆ ಬೆರಳಿಟ್ಟಳು, ಇನ್ನೊಂದರ ಮೇಲೆ ಬೆರಳಿಟ್ಟಳು. ಆಮೇಲೆ ಎದ್ದು ನಿಂತು ಗೋಡೆಗೆ ಮುಖ ಮಾಡಿದಳು. ಗೋಡೆಯತ್ತ ಕೈ ಎತ್ತಿದಳು. ತಿರುಗಿ ನಿಂತು ಮತ್ತೆ ಎತ್ತಿದಳು.

"ಅವಳು ನನ್ನ ಎದುರಿಗೆ ನಿಲ್ತಿದ್ಲು" ಎಂದಳು ಮೆಲ್ಲಗೆ. "ಕಿಟಕೀಲಿ. ನನ್ನ ಎಡಗಡೆ ಇದ್ದದ್ದು... ಅವಳ ಬಲ ತಾನೇ? ಅಥವಾ ಅಪ್ಪ ಎಡಗೈ ಅಂತ ಹೇಳಿದ್ದನ್ನೇ ನಾನು ಇಟ್ಕೊಂಡಿದ್ದೆನಾ? ಇಷ್ಟು ವರ್ಷ ಎಡ ಎಡ ಅಂತಿದ್ದೆ. ಯಾವ ಎಡವೋ."

ಬಂದು ಕೂತು ಎರಡು ಮೂಳೆಗಳನ್ನೂ ಬಟ್ಟೆಯ ಮೇಲೆ ಅಕ್ಕಪಕ್ಕ ಸರಿಸಿಟ್ಟಳು.

"ಎರಡೂ ಕೊಟ್ಬಿಡು ಮಗಳೇ" ಎಂದಳು ಕೊನೆಗೆ. "ಇನ್ನೊಬ್ಬಳೂ ಯಾರೋ ತಾಯಿಯೇ ಇರ್ಬೇಕು. ಇಬ್ಬರನ್ನೂ ಅಪ್ಪನ ಪಕ್ಕ ಮಲಗಿಸ್ತೀನಿ."

ಕೊಡುವುದು ಕಾರ್ಯದರ್ಶಿಯ ಕೈಯಲ್ಲಿರಲಿಲ್ಲ. ಸಂಘದ ವಸ್ತು ಹೊರಗೆ ಹೋಗಬೇಕಾದರೆ ಸಮಿತಿ ಒಪ್ಪಬೇಕು. ಅವಳು ತುರ್ತುಸಭೆ ಕರೆದಳು. ಹಳೆಯ ಬಾಟಲಿಗಳ ಮೇಲೆ ಬರೆದು ಹೆಸರಾದ, ಎಲ್ಲರೂ ಬಾಟಲಿ ಎಂದೇ ಕರೆಯುತ್ತಿದ್ದ ಉಪಾಧ್ಯಕ್ಷ ಮೊದಲು ಬಾಯಿ ತೆಗೆದ. "ಪಾಪ ಅನ್ಸುತ್ತೆ. ಆದ್ರೆ ಯಾರದ್ದು ಅಂತ ಗೊತ್ತಿಲ್ದೆ ಒಬ್ಬರ ಮೂಳೆ ಇನ್ನೊಬ್ಬರಿಗೆ ಕೊಟ್ರೆ? ನಾಳೆ ಆ ಇನ್ನೊಬ್ಬರ ಮೊಮ್ಮಗ ಬಂದು ನಿಂತ್ಕೊಂಡ್ರೆ?"

"ಹಾಗಾದ್ರೆ ಎಲ್ಲರನ್ನೂ ಒಟ್ಟಿಗೆ ಮಣ್ಣು ಮಾಡೋಣ" ಎಂದಳು ಅವಳು. "ಒಂದು ಕಲ್ಲು ನಿಲ್ಲಿಸೋಣ. ಅಜ್ಜಿ ಅಲ್ಲಿಗೇ ಬರ್ತಾರೆ."

ಅದಕ್ಕೂ ಎದ್ದರು. ಮುಂದೆ ಯಾವುದೋ ಹೊಸ ವಿಧಾನ ಬಂದು ಬಿಡಿಸಿ ಹೇಳಬಹುದು, ಮಣ್ಣಿಗೆ ಹಾಕಿದರೆ ಆ ಅವಕಾಶವೂ ಮುಗಿಯಿತು ಎಂದರು. ಅದು ಸುಳ್ಳಲ್ಲ. ಅವರಲ್ಲಿ ಯಾರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರ ಕಣ್ಣೂ ಪ್ರೊಫೆಸರ ಮೇಲೆ ನೆಟ್ಟಿತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ, ಸಂಘದ ಕೋಣೆಯಲ್ಲಿ ಹುಳುವಿನ ಕಾಟ, ಪೆಟ್ಟಿಗೆಗಳನ್ನು ವಿಶ್ವವಿದ್ಯಾಲಯದ ನೆಲಮಾಳಿಗೆಗೆ ಒಪ್ಪಿಸುವುದು, ಉಳಿದದ್ದನ್ನು ಉಪಸಮಿತಿ ನೋಡಿಕೊಳ್ಳುವುದು ಎಂದಾಯಿತು. ಬೇಡ ಎಂದು ಎದ್ದದ್ದು ಅವಳ ಕೈಯೊಂದೇ.

ಆ ಕ್ಷಣವೇ ರಾಜೀನಾಮೆ ಕೊಟ್ಟಳು. "ಈ ಹೊತ್ತಲ್ಲಿ ಕೈ ಬಿಟ್ರೆ ಹೇಗಮ್ಮಾ?" ಎಂದ ಬಾಟಲಿ, ನಿಜವಾಗಿಯೂ ಗಾಬರಿಯಾಗಿ. "ಇನ್ಯಾರಿದಾರೆ ಹೇಳು." ಇನ್ಯಾರೂ ಇರಲಿಲ್ಲ. ಅಲ್ಲಿದ್ದವರು ಬ್ಯಾಗು ಎತ್ತಿಕೊಂಡು, ಅವಳ ಭುಜ ತಟ್ಟಿ, ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಉಪಸಮಿತಿಯ ಮೊದಲ ಸಭೆಯ ನೋಟೀಸನ್ನೂ ಅವಳೇ ಕಳಿಸಬೇಕಾಯಿತು. ಆ ಸಭೆಗೆ ಅವಳ ಹೊರತು ಯಾರೂ ಬರಲಿಲ್ಲ.

"ಆ ಎರಡು ಮೂಳೆ ಸುಮ್ನೆ ಬ್ಯಾಗಿಗೆ ಹಾಕ್ಕೊಂಡು ಹೋಗಿ ಕೊಟ್ಟು ಬಾ. ಯಾರು ಎಣಿಸ್ತಾರೆ?" ಎಂದ ಗಂಡ. ಅವಳೂ ಅದನ್ನೇ ಯೋಚಿಸಿದ್ದಳು. ವ್ಯಾನು ಬರುವ ಬೆಳಿಗ್ಗೆ ಬೇಗ ಹೋಗಿ ಅವೆರಡನ್ನೂ ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಇಳಿಸಿದ್ದಳು ಕೂಡ. ಆದರೆ ಇದು ನಿಮ್ಮಮ್ಮನೇ ಎಂದು ಮುದುಕಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ, ಅಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಕೂಲಿಯವರು ಮೆಟ್ಟಿಲು ಹತ್ತುವ ಸದ್ದು ಕೇಳುತ್ತಲೇ ತೆಗೆದು ವಾಪಸ್ಸು ಪೆಟ್ಟಿಗೆಗೆ ಇಟ್ಟುಬಿಟ್ಟಳು. ಅವರು ಪೆಟ್ಟಿಗೆಗಳನ್ನು ಹೆಗಲ ಮೇಲೆ ಹೊತ್ತು ಇಳಿದರು. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳಿದ್ದ ಕಡೆ ಗೋಡೆ ಮಾತ್ರ ಬೆಳ್ಳಗೆ ಉಳಿಯಿತು.

ವಿಷಯ ಹೇಳಲು ಅವಳೇ ಮುದುಕಿಯ ಮನೆಗೆ ಹೋದಳು. ಮುದುಕಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, ಚಪ್ಪಲಿ ಮೆಟ್ಟಿಕೊಂಡು, "ಎಲ್ಲಿಟ್ಟಿದಾರೆ, ನಡಿ ತೋರ್ಸು" ಎಂದಳು. ವಿಶ್ವವಿದ್ಯಾಲಯದ ಗ್ರಂಥಾಲಯದ ಪಕ್ಕದಿಂದ ಇಳಿಯುವ ಮೆಟ್ಟಿಲು, ಕೆಳಗೆ ಕಬ್ಬಿಣದ ಬಾಗಿಲು. ಅನುಮತಿ ಇಲ್ಲದೆ ತೆಗೆಯುವ ಹಾಗಿಲ್ಲ ಎಂದ ಕಾವಲುಗಾರ. ತಾನು ಸಂಘದ ಕಾರ್ಯದರ್ಶಿ ಎಂದಳು. ಅವನು ಎದ್ದು ನಿಂತು ಗೌರವದಿಂದಲೇ, "ಆಗಲ್ಲ ಮೇಡಂ" ಎಂದ.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ವಿದ್ಯಾರ್ಥಿಗಳು ಮಾತಾಡಿಕೊಂಡು ಹಾದುಹೋಗುತ್ತಿದ್ದರು.

"ನಿಜ ಹೇಳ್ಲಾ?" ಎಂದಳು ಮುದುಕಿ. "ನಂಗೆ ಅವಳ ಮುಖ ನೆನಪಿಲ್ಲ. ಯಾವತ್ತೂ ಇರ್ಲಿಲ್ಲ. ಆ ಕೈ ಒಂದಿತ್ತು, ಅಷ್ಟೇ. ಈಗ ಕಣ್ಣು ಮುಚ್ಚಿದ್ರೆ ಒಂದು ಸಲ ಈ ಕೈ ಬೀಸ್ತಾಳೆ, ಒಂದು ಸಲ ಆ ಕೈ. ನಿಲ್ಲೋದೇ ಇಲ್ಲ."

ಮುದುಕಿ ಕಬ್ಬಿಣದ ಬಾಗಿಲ ಕಡೆ ತಿರುಗಿದಳು.

"ನಾನು ಬರಬಾರ್ದಿತ್ತು ನಿನ್ನ ಹತ್ರ."

ಬಿಸಿಲು ಮೆಟ್ಟಿಲಿಗೆ ಬಂದಿತು. ಏಳೋಣ ಎಂದು ಕಾರ್ಯದರ್ಶಿ ಅವಳ ತೋಳಿಗೆ ಕೈ ಕೊಟ್ಟಳು. ಮುದುಕಿ ಅದನ್ನು ಹಿಡಿಯದೆ ಗೋಡೆಯನ್ನು ಹಿಡಿದು ತಾನೇ ಎದ್ದು, ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಅವಳು ಬಿದ್ದರೆ ಹಿಡಿದುಕೊಳ್ಳಲೆಂದು ಕಾರ್ಯದರ್ಶಿ ಒಂದು ಮೆಟ್ಟಿಲು ಕೆಳಗೇ ಉಳಿದು ಹಿಂದೆ ಹಿಂದೆ ಹತ್ತಿದಳು.